ಹಳೆ ಬಲ್ಬ್ ತೆಗೆದು ಎಲ್‌ಇಡಿ ಹಾಕುವ ಮುಂಚೆ: ಮೊದಲು ಹೋಲ್ಡರ್ ನೋಡಿ, ಆಮೇಲೆ ಬಾಕ್ಸ್ ಓದಿ

ಮಳೆಗಾಲ ಮುಗಿದು ಅಡಕೆ ಕೊಯ್ಲು ಹತ್ತಿರ ಬಂತೆಂದರೆ ಇದೇ ಪ್ರಶ್ನೆಗಳು ಶುರು. "60ರ ಬಲ್ಬ್ ತೆಗೆದು 9 ವ್ಯಾಟಿನದು ಹಾಕಿದ್ರೆ ಬೆಳಕು ಸಾಲ್ತದಾ?" "ಬಾಕ್ಸ್ ಮೇಲೆ 25,000 ಗಂಟೆ ಅಂತ ಬರೆದಿದೆ, ನಮ್ಮನೇಲಿ ಒಂದು ಮಳೆಗಾಲ ದಾಟಲಿಲ್ಲ, ಯಾಕೆ?" "ಸ್ವಿಚ್ ಆಫ್ ಮಾಡಿದ್ರೂ ರಾತ್ರಿಯಿಡೀ ಮಿಣಮಿಣ ಅಂತದೆ, ಕರೆಂಟ್ ಸೋರ್ತಾ ಇದೆಯಾ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಕೊಡುವ ಚಿಪ್ ತಾನಾಗಿ ಹಾಳಾಗುವುದು ಕಡಿಮೆ. ಹಾಳಾಗುವುದು ಹೆಚ್ಚಾಗಿ ಅದರ ಕೆಳಗಿನ ಡ್ರೈವರ್. ಮನೆಗೆ ಬರುವ 230 ವೋಲ್ಟ್ ಕರೆಂಟನ್ನು ಚಿಪ್‌ಗೆ ಹೊಂದುವಂತೆ ಬದಲಿಸಿ ಕೊಡುವ ಪುಟ್ಟ ಸರ್ಕ್ಯೂಟ್‌ಗೆ ಡ್ರೈವರ್ ಅನ್ನುತ್ತಾರೆ. ಬಿಸಿ, ತೇವ, ಏರಿಳಿಯುವ ವೋಲ್ಟೇಜ್ ಮೂರೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೂರೂ ಧಾರಾಳ. ಹಾಗಾಗಿ ಬೆಂಗಳೂರಿನ ಫ್ಲ್ಯಾಟಿಗೆ ಸರಿಹೋಗುವ ಸಲಹೆ ಅಂಕೋಲಾದ ಮನೆಗೋ ಸಿದ್ದಾಪುರದ ತೋಟದ ಮನೆಗೋ ಪೂರ್ತಿ ಹೊಂದುವುದಿಲ್ಲ.

ಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಟೆಸ್ಟರ್, ಒಣ ಬಟ್ಟೆ, ಅಲ್ಲಾಡದ ಮರದ ಸ್ಟೂಲ್ ಅಥವಾ ಏಣಿ, ಮೊಬೈಲಿನ ಟಾರ್ಚ್. ಕಬ್ಬಿಣದ ಏಣಿ ಬೇಡ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ.

ಹಂತ 1: ಮನೆ ಸುತ್ತಿ, ಪಟ್ಟಿ ಮಾಡಿ

ಅಂಗಡಿಗೆ ಹೋಗುವ ಮುಂಚೆ ಜಗಲಿಯಿಂದ ಕೊಟ್ಟಿಗೆಯವರೆಗೆ ಒಂದು ಸುತ್ತು ಹಾಕಿ. ಪ್ರತಿ ಬಲ್ಬಿನ ಎದುರು ನಾಲ್ಕು ವಿಷಯ ಬರೆದುಕೊಳ್ಳಿ: ಈಗ ಏನಿದೆ, ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಹೊತ್ತು ಉರಿಯುತ್ತದೆ, ಅಲ್ಲಿ ನೀರು ಅಥವಾ ಹೊಗೆ ತಾಗುತ್ತದಾ.

ಮೊದಲು ಬದಲಿಸಬೇಕಾದ್ದು ಹೆಚ್ಚು ಹೊತ್ತು ಉರಿಯುವುದನ್ನು. 60 ವ್ಯಾಟಿನ ಬಲ್ಬ್ ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಇದ್ದರೆ ಒಂದೂಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಟ್ಟದ ಮೇಲೆ ತಿಂಗಳಿಗೊಮ್ಮೆ ಹತ್ತು ನಿಮಿಷ ಹಾಕುವ ಹಳೆ ಬಲ್ಬ್ ಇದ್ದರೆ ಅದು ಹಾಗೇ ಇರಲಿ, ಬೇಸರ ಮಾಡಿಕೊಳ್ಳಬೇಡಿ.

ಎಲ್ಲರೂ ಮರೆಯುವುದು ದೇವರ ಕೋಣೆಯ ಜೀರೋ ಬಲ್ಬನ್ನು. ಹೆಸರು ಜೀರೋ, ತಿನ್ನುವುದು 12ರಿಂದ 15 ವ್ಯಾಟ್. ರಾತ್ರಿ ಹತ್ತು ತಾಸು ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್‌ವರೆಗೆ ಹೋಗುತ್ತದೆ. ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಲ್ಯಾಂಪ್ ಹಾಕಿದರೆ ತಿಂಗಳಿಡೀ ಸೇರಿ ಕಾಲು ಯೂನಿಟ್ ಕೂಡ ಆಗುವುದಿಲ್ಲ.

"ಹೇಗೂ ಗೃಹಜ್ಯೋತಿ ಇದೆಯಲ್ಲ" ಅನ್ನುವವರಿಗೆ ಒಂದು ಮಾತು. 200 ಯೂನಿಟ್ ಅನ್ನುವುದು ಮೇಲಿನ ಗಡಿ. ನಿಮಗೆ ಸಿಗುವ ಉಚಿತ ಯೂನಿಟ್ ಲೆಕ್ಕ ಹಾಕಿದ್ದು 2022–23ರ ನಿಮ್ಮ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಸ್ವಲ್ಪ ಸೇರಿಸಿ. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೊಸ ಫ್ರಿಜ್ ತಂದ ಮನೆಯವರು ಹತ್ತು ಹನ್ನೆರಡು ಯೂನಿಟ್‌ಗೆ ಒದ್ದಾಡುವುದನ್ನು ನೋಡಿದ್ದೇನೆ. ಆ ಹತ್ತು ಹನ್ನೆರಡು ಎರಡು ಬಲ್ಬ್ ಬದಲಿಸಿದರೆ ಉಳಿಯುತ್ತದೆ.

ಬದಲಿಸಬಾರದ ಕಡೆಯೂ ಒಂದೆರಡಿವೆ. ಕೋಳಿಮರಿಗೆ ಬೆಚ್ಚಗಿರಲಿ ಅಂತ ಬುಟ್ಟಿಯ ಮೇಲೆ ಇಳಿಬಿಟ್ಟ 60ರ ಬಲ್ಬ್ ಇದೆಯಲ್ಲ, ಅಲ್ಲಿ ಬೇಕಾದ್ದು ಬಿಸಿ. ಎಲ್‌ಇಡಿ ಹಾಕಿದರೆ ಮರಿ ನಡುಗುತ್ತದೆ. ಮಳೆಗಾಲದಲ್ಲಿ ಬಟ್ಟೆಗೆ ಬೂಸ್ಟು ಹಿಡಿಯದಿರಲಿ ಎಂದು ಕಪಾಟಿನೊಳಗೆ ಬಲ್ಬ್ ಉರಿಸುವವರೂ ಇದ್ದಾರೆ. ಅಲ್ಲಿಯೂ ಎಲ್‌ಇಡಿಯಿಂದ ಉಪಯೋಗವಿಲ್ಲ. ಆದರೆ ಆ ಅಭ್ಯಾಸವನ್ನೇ ಬಿಡಿ ಅನ್ನುತ್ತೇನೆ. ರೇಷ್ಮೆ ಸೀರೆಯ ಅಂಚು ಬಲ್ಬಿಗೆ ತಾಗಿದರೆ ಕಪಾಟೇ ಹೊತ್ತಿಕೊಳ್ಳಬಹುದು.

ಹಂತ 2: ಹೋಲ್ಡರ್ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಕರಾವಳಿಯಲ್ಲಿ ಬೇಗ ಸಾಯುವ ಬಲ್ಬುಗಳಲ್ಲಿ ಬಹಳಷ್ಟಕ್ಕೆ ಕಾರಣ ಇಲ್ಲಿದೆ.

ಮೇನ್ ಸ್ವಿಚ್ ಆಫ್ ಮಾಡಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಬಲ್ಬ್ ತಣ್ಣಗಾದ ಮೇಲೆ ತೆಗೆದು ಹೋಲ್ಡರಿನೊಳಗೆ ಟಾರ್ಚ್ ಬಿಡಿ. ಎರಡು ಹಿತ್ತಾಳೆ ಪಿನ್ ಕಾಣುತ್ತವೆ. ಅವು ಹೊಳೆಯುತ್ತಿರಬೇಕು, ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಸ್ಪ್ರಿಂಗಿನ ಹಾಗೆ ವಾಪಸ್ ಬರಬೇಕು. ಕಾರವಾರ, ಕುಮಟಾ, ಹೊನ್ನಾವರದ ಉಪ್ಪುಗಾಳಿಗೆ ಅವು ಹಸಿರಾಗಿ ಕಿಲುಬು ಹಿಡಿದಿರುತ್ತವೆ. ಒಂದು ಪಿನ್ ಒಳಗೇ ಸಿಕ್ಕಿಕೊಂಡಿರುವುದೂ ಉಂಟು. ವರ್ಷಗಟ್ಟಲೆ ಹಳೆ ಬಲ್ಬಿನ ಬಿಸಿ ತಿಂದ ಬೇಕಲೈಟ್ ಹೋಲ್ಡರ್ ಹಪ್ಪಳದ ಹಾಗೆ ಪುಡಿಯಾಗುತ್ತದೆ.

ಸಂಪರ್ಕ ಸಡಿಲ ಇದ್ದರೆ ಒಳಗೆ ಸಣ್ಣ ಕಿಡಿ ಹಾರುತ್ತಿರುತ್ತದೆ. ಹಳೆ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಸ್ವಲ್ಪ ಮಿಟುಕುತ್ತಿತ್ತು ಅಷ್ಟೇ. ಎಲ್‌ಇಡಿಯ ಡ್ರೈವರಿಗೆ ಅದು ಸೆಕೆಂಡಿಗೆ ಹತ್ತು ಸಲ ಆನ್ ಆಫ್ ಮಾಡಿದ ಹಾಗೆ. ಕಿಲುಬು ಕಂಡರೆ ಉಜ್ಜುತ್ತ ಕೂರಬೇಡಿ, ಹೋಲ್ಡರನ್ನೇ ಬದಲಿಸಿ. ಹೊಸ ಬಲ್ಬಿಗಿಂತ ಅಗ್ಗಕ್ಕೆ ಸಿಗುತ್ತದೆ.

ಹೋಲ್ಡರಿನ ಜಾತಿಯನ್ನೂ ಬರೆದುಕೊಳ್ಳಿ. ಒತ್ತಿ ತಿರುಗಿಸುವ ಪಿನ್ನಿನದು ನಮ್ಮಲ್ಲಿ ಸಾಮಾನ್ಯ, ಬಾಕ್ಸ್ ಮೇಲೆ ಬಿ22 ಎಂದಿರುತ್ತದೆ. ಸುತ್ತು ಸುತ್ತು ತಿರುಗಿಸುವ ತಿರುಪಿನದು ಇ27. ಗೋಡೆಯ ಅಲಂಕಾರದ ದೀಪಗಳಲ್ಲಿ ಬರುವ ಸಣ್ಣ ತಿರುಪು ಇ14. ತಿರುಪಿನ ಹೋಲ್ಡರ್ ಇದ್ದರೆ ಫೇಸ್ ವಯರ್, ಅಂದರೆ ಕರೆಂಟ್ ತರುವ ವಯರ್, ತಳದ ನಡುವಿನ ಬಿಂದುವಿಗೆ ಬಂದಿರಬೇಕು. ತಿರುಪಿಗೆ ಬಂದಿದ್ದರೆ ಬಲ್ಬ್ ತಿರುಗಿಸುವಾಗ ಬೆರಳು ತಾಗಿದರೆ ಶಾಕ್ ಹೊಡೆಯುತ್ತದೆ.

ಇನ್ನೊಂದು, ಹೋಲ್ಡರ್ ಯಾವ ಕಡೆ ಮುಖ ಮಾಡಿದೆ ನೋಡಿ. ಹಳೆ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು. ಎಲ್‌ಇಡಿ ಬಲ್ಬಿನ ಕೆಳಗಿನ ಅರ್ಧ ಬಿಳಿ ಪ್ಲಾಸ್ಟಿಕ್, ಅಲ್ಲಿಂದ ಬೆಳಕು ಬರುವುದಿಲ್ಲ. ಗೋಡೆಗೆ ಓರೆಯಾಗಿ ಹೊಡೆದ ಹೋಲ್ಡರಿನಲ್ಲಿ ಹಾಕಿದರೆ ಎದುರು ಗೋಡೆ ಝಗಝಗ, ಬಲ್ಬಿನ ಹಿಂದಿನ ಗೋಡೆ ಮೇಲೆ ನೆರಳು. ಅಂಥ ಕಡೆ ನೇರ ಕೆಳಗೆ ನೋಡುವ ಹೋಲ್ಡರ್ ಹಾಕಿಸಿ.

ಹಂತ 3: ವ್ಯಾಟ್ ಬಿಡಿ, ಲುಮೆನ್ ನೋಡಿ

ವ್ಯಾಟ್ ಅಂದರೆ ಬಲ್ಬ್ ತಿನ್ನುವ ಕರೆಂಟು. ಲುಮೆನ್ ಅಂದರೆ ಅದು ಕೊಡುವ ಬೆಳಕು. ದನಕ್ಕೆ ಹಾಕಿದ ಹಿಂಡಿಗೂ ಕೊಟ್ಟ ಹಾಲಿಗೂ ಇರುವಷ್ಟೇ ವ್ಯತ್ಯಾಸ. ಹಳೆ ಬಲ್ಬುಗಳೆಲ್ಲ ಒಂದೇ ತಳಿ ಆಗಿದ್ದರಿಂದ ಹಿಂಡಿ ನೋಡಿ ಹಾಲು ಹೇಳಬಹುದಿತ್ತು. ಈಗ ಆಗುವುದಿಲ್ಲ.

40ರ ಹಳೆ ಬಲ್ಬ್ ಸುಮಾರು 400 ಲುಮೆನ್ ಕೊಡುತ್ತದೆ. 60ರದ್ದು ಸುಮಾರು 700. 100ರದ್ದು 1,300ರ ಮೇಲೆ. ಈಗಿನ ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಡುತ್ತದೆ. ಅಂದರೆ 40ಕ್ಕೆ 5 ವ್ಯಾಟ್, 60ಕ್ಕೆ 7 ಅಥವಾ 9, 100ಕ್ಕೆ 14 ವ್ಯಾಟ್ ಸಾಕು. ಆದರೆ ಬಾಕ್ಸ್ ತಿರುಗಿಸಿ ಲುಮೆನ್ ಓದಿಯೇ ಕೊಳ್ಳಿ. 9 ವ್ಯಾಟಿನ ಒಂದು ಬಲ್ಬ್ 900 ಕೊಟ್ಟರೆ ಇನ್ನೊಂದು 700ಕ್ಕೇ ನಿಲ್ಲುತ್ತದೆ. ಲುಮೆನ್ ಬರೆದೇ ಇಲ್ಲದ ಬಾಕ್ಸ್ ಆದರೆ ಅಲ್ಲೇ ಇಟ್ಟು ಬನ್ನಿ.

ಈಗ ನಮ್ಮ ಮನೆಗಳ ವಿಷಯ. ಬಿಳಿ ಬಣ್ಣ ಬಳಿದ ಸ್ಲ್ಯಾಬಿನ ಮನೆಗೆ ಮೇಲಿನ ಲೆಕ್ಕ ಸರಿ. ಹಳೆ ಮನೆಯ ಕಪ್ಪು ಜಂತಿ, ಮರದ ಮುಚ್ಚಿಗೆ, ಕಾವಿ ನೆಲ, ಗಾರೆ ಮಾಡದ ಚಿರೆಕಲ್ಲಿನ ಗೋಡೆ ಎಲ್ಲವೂ ಬೆಳಕು ಕುಡಿಯುತ್ತವೆ. ಅಂಥ ಕೋಣೆಗೆ ಅರ್ಧದಷ್ಟು ಜಾಸ್ತಿ ಲೆಕ್ಕ ಹಾಕಿ. ಒಂದೇ ದೊಡ್ಡ ಬಲ್ಬ್ ಬದಲು ಎರಡು ಸಣ್ಣದು ಎರಡು ಮೂಲೆಗೆ ಹಾಕಿದರೆ ಇನ್ನೂ ಒಳ್ಳೆಯದು. ನೆರಳು ಕಡಿಮೆ, ಪ್ರತಿ ಬಲ್ಬಿನ ಬಿಸಿಯೂ ಕಡಿಮೆ.

2015ರಲ್ಲಿ ರಾಜ್ಯದಲ್ಲಿ ಹೊಸ ಬೆಳಕು ಯೋಜನೆ ಶುರುವಾದಾಗ ಕೊಂಡ 9 ವ್ಯಾಟಿನ ಬಲ್ಬ್ ಇನ್ನೂ ಕೆಲವರ ಮನೆಯಲ್ಲಿ ಉರಿಯುತ್ತಿದೆ. "ಕಣ್ಣು ಮಂಜಾಯ್ತೇನೋ" ಅನ್ನುತ್ತಾರೆ. ಕಣ್ಣಲ್ಲ, ಬಲ್ಬ್ ಮಂಜಾಗಿದೆ. ಎಲ್‌ಇಡಿ ಒಂದೇ ಸಲ ಠಪ್ ಅಂತ ಹೋಗಬೇಕೆಂದೇನಿಲ್ಲ, ವರ್ಷ ಕಳೆದ ಹಾಗೆ ಬೆಳಕು ಇಳಿಯುತ್ತದೆ. ಹೊಸದಿದ್ದಾಗಿನ ಬೆಳಕಿನ ಶೇ. 70ಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು ಎಂದೇ ತಯಾರಕರೂ ಲೆಕ್ಕ ಹಾಕುವುದು.

ಹಂತ 4: ಬೆಳಕಿನ ಬಣ್ಣ

ಅಂಗಡಿಯಲ್ಲಿ "ವೈಟಾ, ಯೆಲ್ಲೋನಾ?" ಎಂದು ಕೇಳುತ್ತಾರೆ. ಏನೂ ಹೇಳದಿದ್ದರೆ ವೈಟ್ ಕೊಡುತ್ತಾರೆ. ಬಾಕ್ಸ್ ಮೇಲೆ ಇದನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಬರೆದಿರುತ್ತದೆ. 2,700 ಅಥವಾ 3,000 ಎಂದರೆ ಹಳೆ ಬಲ್ಬಿನ ಹಳದಿ. 4,000 ನಡುವಿನದು. 6,500 ನೀಲಿ ಬೆರೆತ ಬಿಳಿ. ಅಂಕಿ ಜಾಸ್ತಿಯಾದರೆ ಬೆಳಕು ಜಾಸ್ತಿ ಎಂದುಕೊಳ್ಳಬೇಡಿ, ಬಣ್ಣ ಬೇರೆ ಅಷ್ಟೇ.

ನನ್ನ ಆಯ್ಕೆ ಹೇಳುತ್ತೇನೆ. ಮಲಗುವ ಕೋಣೆ, ದೇವರ ಕೋಣೆ, ಜಗಲಿಗೆ 3,000. ಅಡುಗೆಮನೆ, ಮಕ್ಕಳು ಓದುವ ಮೇಜಿಗೆ 4,000. 6,500 ಅನ್ನು ನಾನು ಮನೆಯೊಳಗೆ ಹಾಕುವುದೇ ಇಲ್ಲ, ಆಸ್ಪತ್ರೆ ವಾರ್ಡಿನಲ್ಲಿ ಕೂತ ಹಾಗಾಗುತ್ತದೆ. ನಿಮಗೆ ಇಷ್ಟವಾದರೆ ಹಾಕಿ, ತಪ್ಪೇನಿಲ್ಲ.

ಹೊರಗಿನ ದೀಪಕ್ಕೆ ಮಾತ್ರ ಹಳದಿಯನ್ನೇ ಆರಿಸಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಎದ್ದು ಊಟದ ತಟ್ಟೆಗೆ ಬೀಳುತ್ತವಲ್ಲ, ಹುಳಗಳನ್ನು ಎಳೆಯುವುದು ಹೆಚ್ಚಾಗಿ ನೀಲಿ ಬೆಳಕು. ಹಳದಿಗೆ ಅವು ಪೂರ್ತಿ ಬರುವುದಿಲ್ಲ ಎಂದಲ್ಲ, ಕಡಿಮೆ ಬರುತ್ತವೆ. ದೀಪವನ್ನು ಬಾಗಿಲ ಮೇಲೆ ಹಾಕುವ ಬದಲು ಅಂಗಳದ ಆಚೆ ತುದಿಗೆ ಹಾಕಿದರೆ ಬಂದ ಹುಳವೂ ಹಲ್ಲಿಯೂ ಅಲ್ಲೇ ಉಳಿಯುತ್ತವೆ.

ಬಣ್ಣದ ಬಗ್ಗೆ ಇನ್ನೊಂದು ಅಂಕಿ ಇದೆ, ಸಿಆರ್‌ಐ. ವಸ್ತುವಿನ ನಿಜವಾದ ಬಣ್ಣವನ್ನು ಆ ಬೆಳಕು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವುದರ ಅಳತೆ. ಗರಿಷ್ಠ 100. ಮನೆಗೆ 80 ಇದ್ದರೆ ಸಾಕು. ಆದರೆ ಅಡಕೆ ಆರಿಸುವ ಜಾಗಕ್ಕೆ ಸಾಲದು. ಸಿಆರ್‌ಐ ಕಡಿಮೆ ಇರುವ ಬೆಳಕಿನಲ್ಲಿ ಕೆಂಪು ಬಣ್ಣ ಸತ್ತು ಕಂದಾಗಿ ಕಾಣುತ್ತದೆ. ರಾತ್ರಿ ಕೂತು ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಅಡಕೆಯ ಬಗೆಗಳನ್ನು ಬೇರೆ ಮಾಡಿ, ಬೆಳಿಗ್ಗೆ ಅಂಗಳದಲ್ಲಿ ನೋಡಿದರೆ ಅರ್ಧ ತಪ್ಪಿರುತ್ತದೆ. ಮೀನು ಕೊಳ್ಳುವವರಿಗೂ ಇದು ಗೊತ್ತು: ಅಂಥ ದೀಪದ ಕೆಳಗೆ ಕಿವಿರು ಕೆಂಪಿದೆಯಾ ಇಲ್ಲವಾ ಹೇಳಲು ಬರುವುದಿಲ್ಲ. ಆರಿಸುವ ಜಾಗಕ್ಕೆ ಸಿಆರ್‌ಐ 90 ಅಥವಾ ಮೇಲಿರುವ, 4,000 ಕೆಲ್ವಿನ್ನಿನದು ಕೇಳಿ ತರಿಸಿ. ಸ್ವಲ್ಪ ದುಬಾರಿ, ಒಂದೇ ಸಾಕು.

ಹಂತ 5: ಬಾಕ್ಸಿನ ಸಣ್ಣ ಅಕ್ಷರ

ಕನ್ನಡಕ ತೆಗೆದುಕೊಂಡು ಹೋಗಿ. ನಮಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ವೋಲ್ಟೇಜ್.

ಕೈಗಾ, ಕದ್ರಾ, ಕೊಡಸಳ್ಳಿ, ಸೂಪಾ, ಗೇರುಸೊಪ್ಪ, ಈ ಕರೆಂಟ್ ತಯಾರಿಸುವ ಸ್ಥಾವರಗಳೆಲ್ಲ ನಮ್ಮ ಜಿಲ್ಲೆಯಲ್ಲೇ ಇವೆ, ಆದರೂ ತೋಟದ ಮನೆಯಲ್ಲಿ ಸಂಜೆ ಏಳಕ್ಕೆ ಫ್ಯಾನ್ ತಿರುಗುವುದನ್ನು ಎಣಿಸಬಹುದು. ಟ್ರಾನ್ಸ್‌ಫಾರ್ಮರಿನಿಂದ ಉದ್ದ ಲೈನ್ ಎಳೆದ ಕಡೆಯ ಮನೆಗೆ ವೋಲ್ಟೇಜ್ ಇಳಿದೇ ಬರುತ್ತದೆ. ಪಂಪ್‌ಸೆಟ್‌ಗಳು ಒಟ್ಟಿಗೆ ನಿಂತಾಗ ಏರುತ್ತದೆ. ಬಾಕ್ಸ್ ಮೇಲೆ "220–240 ವೋಲ್ಟ್" ಎಂದಷ್ಟೇ ಇದ್ದರೆ ಅದು ಪೇಟೆಯ ಬಲ್ಬ್. 140–270 ಅಥವಾ 100–300 ಎಂದು ಬರೆದದ್ದನ್ನು ತನ್ನಿ. ಒಳಗೆ ಸರಿಯಾದ ಡ್ರೈವರ್ ಇದ್ದರೆ ವೋಲ್ಟೇಜ್ 150ಕ್ಕೆ ಇಳಿದರೂ ಬೆಳಕು ಕಡಿಮೆ ಆಗುವುದಿಲ್ಲ. ಹಳೆ ಬಲ್ಬ್ ಆಗ ಕೆಂಡದ ಹಾಗೆ ಕೆಂಪಗಾಗುತ್ತಿತ್ತು, ನೆನಪಿರಬಹುದು.

ಅದರ ಪಕ್ಕದಲ್ಲಿ ಸರ್ಜ್ ಎಂದಿರುತ್ತದೆ. ಮಿಂಚು ಹೊಡೆದಾಗ, ಹೋದ ಕರೆಂಟ್ ಧಡಕ್ಕನೆ ಬಂದಾಗ ವಯರಿನಲ್ಲಿ ಒಂದು ಕ್ಷಣ ನುಗ್ಗುವ ಭಾರಿ ವೋಲ್ಟೇಜಿಗೆ ಸರ್ಜ್ ಅನ್ನುತ್ತಾರೆ. 2.5 ಕೆವಿ ಅಥವಾ 4 ಕೆವಿ (ಒಂದು ಕೆವಿ ಅಂದರೆ ಸಾವಿರ ವೋಲ್ಟ್) ತಡೆಯುತ್ತದೆ ಎಂದು ಬರೆದಿದ್ದರೆ ಒಳ್ಳೆಯದು. ಕಂಬದ ಮೇಲೇ ಮಿಂಚು ಬಿದ್ದರೆ ಯಾವ ಬಲ್ಬೂ ಉಳಿಯುವುದಿಲ್ಲ. ಹಾಗಾಗಿ ಮೇ ತಿಂಗಳ ಗುಡುಗಿನ ಸಂಜೆ ಮೇನ್ ಆಫ್ ಮಾಡುವ ಹಳೆ ಅಭ್ಯಾಸ ಬಿಡಬೇಡಿ. ಮೇನ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ ಕೂರಿಸುವುದಾದರೆ ಅರ್ತ್ ಗಟ್ಟಿ ಇರಬೇಕು. ಬೇಸಿಗೆಯಲ್ಲಿ ಚಿರೆಕಲ್ಲಿನ ನೆಲ ಒಣಗಿ ಅರ್ತ್ ಹಿಡಿಯುವುದಿಲ್ಲ, ಆ ಗುಂಡಿಗೆ ಆಗಾಗ ನೀರು ಹೊಯ್ಯಿರಿ.

ಉಳಿದದ್ದು ಬೇಗ ಹೇಳುತ್ತೇನೆ. ಸ್ಟಾರ್ ಗುರುತು ವ್ಯಾಟಿಗೆ ಎಷ್ಟು ಲುಮೆನ್ ಎನ್ನುವುದರ ಮೇಲೆ, ಜಾಸ್ತಿ ಸ್ಟಾರ್ ಇದ್ದಷ್ಟೂ ಒಳ್ಳೆಯದು. ಬಿಐಎಸ್, ಅಂದರೆ ಸರಕಾರದ ಗುಣಮಟ್ಟದ ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಅದು ನಿಜವಾ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ಹಾಕಿ ನೋಡಬಹುದು. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9 ಇದ್ದರೆ ಒಳ್ಳೆಯದು, ಮನೆಯ ಬಿಲ್ಲಿಗೆ ಅದರಿಂದ ವ್ಯತ್ಯಾಸವಿಲ್ಲ. 25,000 ಗಂಟೆ ಎಂಬ ಮಾತಿಗಿಂತ ವಾರಂಟಿ ಎಷ್ಟು ವರ್ಷ ಎಂದು ನೋಡಿ. ದಿನಕ್ಕೆ 5 ತಾಸಿನ ಲೆಕ್ಕದಲ್ಲಿ 25,000 ಗಂಟೆ ಅಂದರೆ 13 ವರ್ಷದ ಮೇಲಾಯಿತು. ಅಷ್ಟು ನಂಬಿಕೆ ಅವರಿಗೇ ಇದ್ದಿದ್ದರೆ ವಾರಂಟಿ ಒಂದೇ ವರ್ಷ ಯಾಕೆ ಕೊಡುತ್ತಿದ್ದರು, ಅಲ್ವಾ?

ಜಾತ್ರೆಯಲ್ಲಿ, ಸಂತೆಯಲ್ಲಿ ರಾಶಿ ಹಾಕಿ ನೂರಕ್ಕೆ ಇಷ್ಟು ಎಂದು ಮಾರುವ ಬಲ್ಬ್ ಕೊಳ್ಳಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಗೊತ್ತಿದೆ. ಕೊಂಡರೆ ಸೌದೆ ಕೊಟ್ಟಿಗೆಗೆ ಹಾಕಿ. ತೂಕ ನೋಡಿದರೇ ತಿಳಿಯುತ್ತದೆ. ಬಿಸಿ ಹೊರಹಾಕುವ ಅಲ್ಯೂಮಿನಿಯಂ ಒಳಗೆ ಇಲ್ಲದ ಬಲ್ಬ್ ಕೈಗೆ ಖಾಲಿ ಡಬ್ಬದ ಹಾಗಿರುತ್ತದೆ.

ಹಂತ 6: ಟ್ಯೂಬ್‌ಲೈಟ್

ಹಳೆ 40 ವ್ಯಾಟಿನ ಟ್ಯೂಬ್ ಬರೀ 40 ತಿನ್ನುವುದಿಲ್ಲ. ಟ್ಯೂಬ್ ಕೂರಿಸುವ ಪಟ್ಟಿಯೊಳಗಿನ ಭಾರದ ತಾಮ್ರದ ಚೋಕ್ ಇನ್ನೂ 10ರಿಂದ 15 ವ್ಯಾಟ್ ತಿಂದು ಬಿಸಿಯಾಗುತ್ತದೆ. ಅದರ ಬದಲು 20 ವ್ಯಾಟಿನ ಎಲ್‌ಇಡಿ ಸಾಕು. ಹಳೆ ಟ್ಯೂಬಿನ ಲುಮೆನ್ ಲೆಕ್ಕದಲ್ಲಿ ಜಾಸ್ತಿ ಇದ್ದರೂ ಅರ್ಧ ಬೆಳಕು ಮೇಲಕ್ಕೆ, ಗೋಡೆಗೆ ಹೋಗುತ್ತಿತ್ತು. ಎಲ್‌ಇಡಿಯದು ಎಲ್ಲವೂ ಕೆಳಗೆ ಬರುತ್ತದೆ.

ದಾರಿ ಎರಡು. ಹಳೆ ಪಟ್ಟಿ ಉಳಿಸಿಕೊಂಡು ಎಲ್‌ಇಡಿ ಟ್ಯೂಬ್ ಹಾಕುವುದು ಒಂದು. ಪಟ್ಟಿಯನ್ನೇ ತೆಗೆದು ಎಲ್‌ಇಡಿ ಬ್ಯಾಟನ್, ಅಂದರೆ ಪಟ್ಟಿಯೂ ದೀಪವೂ ಒಂದೇ ಆಗಿರುವುದನ್ನು, ಹೊಡೆಯುವುದು ಇನ್ನೊಂದು. ನಾನು ಎರಡನೆಯದನ್ನೇ ಹೇಳುವುದು. ಹತ್ತು ವರ್ಷದ ಪಟ್ಟಿಯೊಳಗೆ ತುಕ್ಕು, ಸಡಿಲ ವಯರ್, ಹಲ್ಲಿಮೊಟ್ಟೆ ಎಲ್ಲ ಇರುತ್ತದೆ. ಅದಕ್ಕೆ ಹೊಸ ಟ್ಯೂಬ್ ಹಾಕುವುದು ಕೊಳೆತ ಹೋಲ್ಡರಿಗೆ ಹೊಸ ಬಲ್ಬ್ ಹಾಕಿದ ಹಾಗೆಯೇ.

ಮೊದಲನೆಯ ದಾರಿಯೇ ಬೇಕೆಂದರೆ ಇಲ್ಲಿ ನಿಧಾನ. ಎಲ್‌ಇಡಿ ಟ್ಯೂಬುಗಳಲ್ಲಿ ಬಗೆಗಳಿವೆ. ಕೆಲವು ಚೋಕ್ ಇದ್ದ ಹಾಗೇ ಕೆಲಸ ಮಾಡುತ್ತವೆ, ಸ್ಟಾರ್ಟರ್ ತೆಗೆದು ಅದರ ಜೊತೆ ಬಂದ ಬದಲಿ ಸ್ಟಾರ್ಟರ್ ಹಾಕಬೇಕು. ಕೆಲವಕ್ಕೆ ಚೋಕ್, ಸ್ಟಾರ್ಟರ್ ಎರಡೂ ತೆಗೆದು ನೇರ ಕರೆಂಟ್ ಕೊಡಬೇಕು. ಅದರಲ್ಲೂ ಕೆಲವಕ್ಕೆ ಒಂದೇ ತುದಿಯಿಂದ ಕರೆಂಟ್, ಕೆಲವಕ್ಕೆ ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವಯರ್). ಬಾಕ್ಸಿನಲ್ಲಿ ಚಿತ್ರ ಇರುತ್ತದೆ, ಅದರಂತೆಯೇ ಜೋಡಿಸಬೇಕು. ತಿರುಗುಮುರುಗಾದರೆ ಶಾರ್ಟ್ ಆಗಬಹುದು. ಎರಡು ತುದಿಯಿಂದ ಕರೆಂಟ್ ತೆಗೆದುಕೊಳ್ಳುವ ಟ್ಯೂಬನ್ನು ಮೇನ್ ಆಫ್ ಮಾಡದೆ ಹಾಕಲು ಹೋದರೆ ಒಂದು ತುದಿ ಕೂತ ಕೂಡಲೇ ಇನ್ನೊಂದು ತುದಿಯ ಪಿನ್ನಿಗೆ ಕರೆಂಟ್ ಬರಬಹುದು. ಆ ಪಿನ್ ನಿಮ್ಮ ಕೈಯಲ್ಲಿರುತ್ತದೆ. ಈ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಯಿರಿ.

ಚೋಕ್ ತೆಗೆಸಿದ ಮೇಲೆ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯಿರಿ: "ಚೋಕ್ ಇಲ್ಲ, ಎಲ್‌ಇಡಿ ಮಾತ್ರ." ಮೂರು ವರ್ಷ ಬಿಟ್ಟು ಯಾರೋ ಅಟ್ಟದಲ್ಲಿದ್ದ ಹಳೆ ಟ್ಯೂಬ್ ತಂದು ಸಿಕ್ಕಿಸಿದರೆ ಅಪಾಯ.

ಬ್ಯಾಟನ್ ಹೊಡೆಯುವಾಗ ಕರಾವಳಿಯವರು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಕೇಳಿ ಹಾಕಿಸಿ. ಜೊತೆಗೆ ಬರುವ ಸ್ಕ್ರೂ ಎರಡು ಮಳೆಗಾಲಕ್ಕೆ ತುಕ್ಕಾಗಿ ಗೋಡೆ ಮೇಲೆ ಕೆಂಪು ಗೆರೆ ಬಿಡುತ್ತದೆ.

ಹಂತ 7: ಬಚ್ಚಲು, ಕೊಟ್ಟಿಗೆ, ಅಂಗಳ

ಇಲ್ಲಿ ಬರೀ ಬಲ್ಬ್ ನಡೆಯುವುದಿಲ್ಲ. ಐಪಿ ಎಂಬ ನಂಬರ್ ನೋಡಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ20 ಎಂದರೆ ನೀರಿಗೆ ತಡೆಯೇ ಇಲ್ಲ. ಐಪಿ65 ಎಂದರೆ ಧೂಳು ಒಳಹೋಗುವುದಿಲ್ಲ, ನೀರು ಎರಚಿದರೂ ತಡೆಯುತ್ತದೆ. ಒಲೆ ಉರಿಸಿ ನೀರು ಕಾಯಿಸುವ ಬಚ್ಚಲಮನೆಯಲ್ಲಿ ಹಬೆಯೂ ಇದೆ, ಹೊಗೆಯೂ ಇದೆ. ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಅಮೋನಿಯ ತಾಮ್ರವನ್ನು ತಿನ್ನುತ್ತದೆ. ಎರಡೂ ಕಡೆ ಐಪಿ65ರ ಮುಚ್ಚಿದ ದೀಪವನ್ನೇ ಹಾಕಿ, ವಯರ್ ಒಳಹೋಗುವ ತೂತು ಕೆಳಮುಖ ಇರಲಿ. ಮೇಲಿನಿಂದ ವಯರ್ ಬಂದರೆ ನೀರು ಅದರ ಮೇಲೇ ಹರಿದು ಒಳಗೆ ಹೋಗುತ್ತದೆ. ಕೆಳಗೆ ಒಂದು ಬಾಗು ಬಿಟ್ಟು ಒಯ್ಯಿರಿ, ನೀರು ಬಾಗಿನಲ್ಲಿ ತೊಟ್ಟಿಕ್ಕಲಿ.

ಇಲ್ಲೊಂದು ಗೊಂದಲ ಬೇಡ. ಮುಚ್ಚಿದ ದೀಪ ಬೇರೆ, ಸಾಧಾರಣ ಬಲ್ಬನ್ನು ಗಾಜಿನ ಬುರುಡೆಯೊಳಗೆ ಮುಚ್ಚುವುದು ಬೇರೆ. ಈ ತಪ್ಪು ನಾನೇ ಮಾಡಿದ್ದೇನೆ. ಜಗಲಿಯ ಹಳೆ ಗಾಜಿನ ಗುಂಡಿನೊಳಗೆ 12 ವ್ಯಾಟಿನ ಬಲ್ಬ್ ಹಾಕಿದೆ, ಮೂರು ತಿಂಗಳಿಗೆ ಹೋಯಿತು. ಮೇಲಿನ ಬಿಳಿ ಟೊಪ್ಪಿ ತೆಗೆದು ನೋಡಿದರೆ ಹಳದಿ ಚೌಕಗಳ ಸಾಲಿನಲ್ಲಿ ಒಂದರ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಕೆಳಗೆ ಡ್ರೈವರಿನ ಕೆಪಾಸಿಟರ್ ತಲೆ ಉಬ್ಬಿಕೊಂಡಿತ್ತು. ಬಿಸಿಗೆ ಹೋಗಲು ದಾರಿಯೇ ಇರಲಿಲ್ಲ. ಚಿಪ್‌ಗಳೆಲ್ಲ ಸರದಂತೆ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ, ಒಂದು ಸುಟ್ಟರೆ ಇಡೀ ಸರವೇ ಆರುತ್ತದೆ. ಗಾಜಿನ ಗುಂಡು ಬಿಡಲು ಮನಸ್ಸಿಲ್ಲದಿದ್ದರೆ 5 ವ್ಯಾಟಿಗಿಂತ ದೊಡ್ಡದು ಹಾಕಬೇಡಿ. ಹಾಗೆ ಟೊಪ್ಪಿ ತೆಗೆದ ಬಲ್ಬನ್ನು ಮತ್ತೆ ಉರಿಸಿ ನೋಡಲೂಬೇಡಿ. ಒಳಗಿನ ತಟ್ಟೆ ಮುಟ್ಟಿದರೆ ಮನೆಯ ಕರೆಂಟೇ ಹೊಡೆಯುತ್ತದೆ.

ಹಂತ 8: ಒಂದು ತಂದು ನೋಡಿ, ಆಮೇಲೆ ಹತ್ತು

ಒಂದೇ ಸಲ ಇಡೀ ಮನೆಗೆ ಕೊಳ್ಳಬೇಡಿ. ಒಂದು ತಂದು ಒಂದು ವಾರ ಉರಿಸಿ. ಕಣ್ಣಿಗೆ ಹಿತವಾದರೆ ಉಳಿದದ್ದು ತನ್ನಿ. ಬಲ್ಬಿನ ಬುಡದಲ್ಲಿ ಹಾಕಿದ ತಾರೀಕು ಬರೆದು, ಬಿಲ್ಲನ್ನು ಬಾಕ್ಸಿನೊಳಗೆ ಮಡಚಿ ಇಡಿ. ಬಿಲ್ ಇಲ್ಲದೆ ವಾರಂಟಿ ಕೇಳಲು ಹೋದರೆ ಕಾಲು ಸೋಲುವುದೊಂದೇ.

ಈ ವಾರದಲ್ಲಿ ಮೂರು ತೊಂದರೆ ಕಾಣಬಹುದು.

ಮಿಟುಕುವುದು. ಮೊಬೈಲ್ ಕ್ಯಾಮೆರಾದಲ್ಲಿ ಬಲ್ಬ್ ನೋಡಿ. ಪರದೆ ಮೇಲೆ ಕಪ್ಪು ಪಟ್ಟೆಗಳು ದಪ್ಪಗೆ ಓಡುತ್ತಿದ್ದರೆ ಡ್ರೈವರ್ ಕಳಪೆ, ಓದುವ ಜಾಗಕ್ಕೆ ಬೇಡ. ಬೆಳಕು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಇರುವ ಲೈನಿಗೆ ಸಾಧಾರಣ ಎಲ್‌ಇಡಿ ಹಾಕಿದರೂ ಮಿಟುಕುತ್ತದೆ. ಒಂದೋ ರೆಗ್ಯುಲೇಟರ್ ತೆಗೆಸಿ, ಇಲ್ಲ ಡಿಮ್ ಮಾಡಬಹುದು ಎಂದು ಬರೆದ ಬಲ್ಬ್ ತನ್ನಿ.

ಇನ್ವರ್ಟರಿನಲ್ಲಿ ಜುಂಯ್ ಅನ್ನುವುದು. ಹಳೆ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟ್ ನಯವಾಗಿರುವುದಿಲ್ಲ, ಅದರಿಂದ ಡ್ರೈವರಿನ ಆಯಸ್ಸೂ ಕಮ್ಮಿಯಾಗುತ್ತದೆ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತಾಪತ್ರಯ ಇಲ್ಲ. ಇನ್ವರ್ಟರೇ ಇಲ್ಲದವರಿಗೆ ಒಳಗೇ ಬ್ಯಾಟರಿ ಇರುವ ಬಲ್ಬ್ ಬಂದಿದೆ, ಅಡುಗೆಮನೆಗೆ ಒಂದು ಇದ್ದರೆ ಮಳೆಗಾಲಕ್ಕೆ ಅನುಕೂಲ. ಆದರೆ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ, ಒಲೆಯ ನೇರ ಮೇಲೆ ಹಾಕಬೇಡಿ.

ಆಫ್ ಮಾಡಿದರೂ ಮಿಣಮಿಣ ಅನ್ನುವುದು. ಸ್ವಿಚ್ಚಿನಲ್ಲಿ ಕೆಂಪು ಚುಕ್ಕೆ ದೀಪ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟ್ ಸಾಕು ಎಲ್‌ಇಡಿಗೆ. ಅಪಾಯವಿಲ್ಲ, ಬೇಡವೆಂದರೆ ಸಾದಾ ಸ್ವಿಚ್ ಹಾಕಿಸಿ. ಮೆಟ್ಟಿಲಿನ ಎರಡು ಕಡೆಯ ಸ್ವಿಚ್ಚಿನ ಲೈನಿನಲ್ಲಿ ವಯರುಗಳು ಉದ್ದಕ್ಕೂ ಅಂಟಿಕೊಂಡು ಬಂದಿದ್ದರೂ ಹೀಗಾಗುತ್ತದೆ. ಮೂರನೆಯ ಕಾರಣ ಮಾತ್ರ ಅಪಾಯದ್ದು: ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವಯರಿಗೆ ಹಾಕಿರುವುದು. ಹಳೆ ವಯರಿಂಗಿನಲ್ಲಿ ಇದು ಸಿಗುತ್ತಿರುತ್ತದೆ. ಹೀಗಿದ್ದರೆ ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ತೆಗೆಯುವಾಗ ಮೇನ್ ಆಫ್ ಮಾಡಿ ಎಂದು ಮೇಲೆ ಹೇಳಿದ್ದು ಇದಕ್ಕೇ. ಮಳೆಗಾಲದಲ್ಲಿ ಗೋಡೆ ನೆಲ ಎಲ್ಲ ಹಸಿ ಇರುವಾಗ ಇಂಥ ಹೋಲ್ಡರಿಗೆ ಕೈ ಹಾಕುವುದು ಬೇಡವೇ ಬೇಡ. ಎಲೆಕ್ಟ್ರಿಷಿಯನ್ ಬಂದರೆ ಟೆಸ್ಟರ್ ಹಿಡಿದು ಐದು ನಿಮಿಷದಲ್ಲಿ ಹೇಳುತ್ತಾರೆ, ಬೋರ್ಡಿನಲ್ಲಿ ವಯರ್ ಅದಲುಬದಲು ಮಾಡಿದರೆ ಮುಗಿಯಿತು.

ಹಂತ 9: ತೆಗೆದದ್ದನ್ನು ಏನು ಮಾಡುವುದು

ಹಳೆ ಗಾಜಿನ ಬಲ್ಬಿನಲ್ಲಿ ವಿಷ ಏನಿಲ್ಲ, ಕಾಗದದಲ್ಲಿ ಸುತ್ತಿ ಕಸಕ್ಕೆ ಕೊಡಿ. ಸಿಎಫ್‌ಎಲ್ ಮತ್ತು ಟ್ಯೂಬ್ ಹಾಗಲ್ಲ, ಒಳಗೆ ಪಾದರಸ ಇದೆ. ತೀರಾ ಕಡಿಮೆ, ಕೆಲವೇ ಮಿಲಿಗ್ರಾಂ. ಆದರೂ ತೋಟದ ಮೂಲೆಗೆ, ಗೊಬ್ಬರಗುಂಡಿಗೆ, ಹಳ್ಳಕ್ಕೆ ಎಸೆಯುವ ವಸ್ತುವಲ್ಲ. ಅವು ಇ-ತ್ಯಾಜ್ಯದ ಲೆಕ್ಕಕ್ಕೆ ಬರುತ್ತವೆ. ಪಂಚಾಯ್ತಿ ಅಥವಾ ನಗರಸಭೆಯ ಕಸದ ಗಾಡಿಯವರಿಗೆ ಒಡೆಯದೆ, ಬೇರೆಯಾಗಿ, ಇಂಥದ್ದು ಎಂದು ಹೇಳಿ ಕೊಡಿ. ಕೆಟ್ಟ ಎಲ್‌ಇಡಿಯನ್ನೂ ಅದರ ಜೊತೆಗೇ ಇಡಿ.

ಟ್ಯೂಬ್ ಕೈಜಾರಿ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆಫ್ ಮಾಡಿ, ಕಿಟಕಿ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಪೊರಕೆ ಹಾಕಬೇಡಿ, ಪುಡಿ ಹಾರುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎರಡು ರಟ್ಟಿನ ತುಂಡಿನಿಂದ ಗಾಜನ್ನು ಬಾಚಿ, ಉಳಿದ ಪುಡಿಯನ್ನು ಒದ್ದೆ ಕಾಗದದಿಂದ ಒತ್ತಿ ತೆಗೆಯಿರಿ. ಎಲ್ಲವನ್ನೂ ಮುಚ್ಚಳವಿರುವ ಡಬ್ಬಕ್ಕೆ ಹಾಕಿ, ಆ ಡಬ್ಬವನ್ನು ಮನೆಯಿಂದ ಹೊರಗೆ, ಮಳೆ ತಾಗದ ಕಡೆ ಇಡಿ.